ಮನೆ ಮೇಲೆ ಯಾವ ಉಪಗ್ರಹವೂ ನಿಲ್ಲುವುದಿಲ್ಲ, ಮತ್ತೆ ನೆಟ್ ಬರುವುದು ಹೇಗೆ?

ಪ್ರಶ್ನೆ: “ನಮಸ್ಕಾರ ಮೇಡಂ. ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಮನೆ ತಗ್ಗಿನಲ್ಲಿದೆ. ಮೂರು ಕಡೆ ಅಡಿಕೆ ತೋಟ, ಹಿಂದೆ ಗುಡ್ಡ. ಮಗಳು ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತಾಳೆ. ಮೀಟಿಂಗ್ ಇದ್ದರೆ ಲ್ಯಾಪ್‌ಟಾಪ್ ಹಿಡಿದು ಗುಡ್ಡ ಹತ್ತಬೇಕು. ಕಳೆದ ವರ್ಷ ಒಂದು ಬೆಳಗಿನ ಜಾವ ಅಂಗಳದಲ್ಲಿ ನಿಂತಿದ್ದಾಗ, ಮಣಿ ಪೋಣಿಸಿದ ಹಾಗೆ ಇಪ್ಪತ್ತು ಮೂವತ್ತು ದೀಪಗಳು ಸಾಲಾಗಿ ಆಕಾಶದಲ್ಲಿ ಹೋದವು. ಅವು ಇಂಟರ್‌ನೆಟ್ ಕೊಡುವ ಉಪಗ್ರಹಗಳು ಎಂದಳು ಮಗಳು. ಅಂಥ ಸಂಪರ್ಕ ಹಾಕಿಸೋಣ ಎಂಬ ಯೋಚನೆ ಇದೆ. ಆದರೆ ನಮ್ಮ ಭಾವ ಬೇಡ ಎನ್ನುತ್ತಾರೆ. ಆ ಉಪಗ್ರಹ ಒಂದೂವರೆ ಗಂಟೆಗೆ ಭೂಮಿಯನ್ನು ಒಂದು ಸುತ್ತು ಹಾಕುತ್ತದಂತೆ, ಹಾಗಾಗಿ ಒಂದೂವರೆ ಗಂಟೆಗೆ ಐದು ನಿಮಿಷ ಮಾತ್ರ ನೆಟ್ ಸಿಗುವುದಂತೆ. ಹೌದಾ? ಟಿವಿಗೆ ಒಂದೇ ಉಪಗ್ರಹ ಸಾಕು, ಇದಕ್ಕೆ ಸಾವಿರಗಟ್ಟಲೆ ಯಾಕೆ? ಒಂದಕ್ಕೊಂದು ಡಿಕ್ಕಿ ಹೊಡೆದು ನಮ್ಮ ತಲೆ ಮೇಲೆ ಬೀಳುವುದಿಲ್ಲವಾ? ನಮ್ಮ ಕಡೆಯ ಮಳೆಗೆ ಇದು ನಡೆಯುತ್ತದಾ? ಇನ್ನೊಂದು ಕಡೆ, ನಾಲ್ಕು ಮನೆಯವರು ಸೇರಿ ಮೂರು ಕಿಲೋಮೀಟರ್ ಫೈಬರ್ ಎಳೆಸೋಣ ಎಂದು ಪಕ್ಕದವರು ಕರೆಯುತ್ತಿದ್ದಾರೆ. ಯಾವುದಕ್ಕೆ ದುಡ್ಡು ಹಾಕುವುದು?”

ಉತ್ತರ: ನಮಸ್ಕಾರ. ನಿಮ್ಮ ಪತ್ರದಲ್ಲಿ ಆತಂಕಗಳು ಎರಡು. ಓಡುತ್ತಲೇ ಇರುವ ಉಪಗ್ರಹವನ್ನು ನಂಬಿ ಮಗಳ ಕೆಲಸ ನಡೆಯುತ್ತದಾ ಎನ್ನುವುದು ಒಂದು. ಹಾಕಿದ ದುಡ್ಡು ನೀರಿಗೆ ಹೋದರೆ ಎನ್ನುವುದು ಇನ್ನೊಂದು. ಉಪಗ್ರಹ ಸಂಪರ್ಕದಲ್ಲಿ ನೆಲದ ಕಡೆಯ ಕೆಲಸವನ್ನು, ಅಂದರೆ ಡಿಶ್ ನಿಲ್ಲಿಸುವುದು, ದಿಕ್ಕು ಹಿಡಿಯುವುದು, ಸಿಗ್ನಲ್ ಯಾಕೆ ಬಿದ್ದಿತು ಎಂದು ಹುಡುಕುವುದು, ಇಪ್ಪತ್ತು ವರ್ಷಕ್ಕೂ ಜಾಸ್ತಿ ಮಾಡಿದ್ದೇನೆ. ಆ ಅನುಭವದ ಮೇಲೆ ಹೇಳುತ್ತೇನೆ. ಮೊದಲ ಆತಂಕವನ್ನು ಬಿಟ್ಟುಬಿಡಿ. ಎರಡನೆಯದನ್ನು ಮಾತ್ರ ಬಿಡಬೇಡಿ. ಅದಕ್ಕೆ ಉತ್ತರ ನಿಮ್ಮ ತೋಟದಲ್ಲೇ ಇದೆ.

ನಿಮ್ಮ ಭಾವ ಹೇಳಿದ ಲೆಕ್ಕದಲ್ಲಿ ತಪ್ಪಿಲ್ಲ. ಇಂಥ ಇಂಟರ್‌ನೆಟ್ ಉಪಗ್ರಹಗಳಲ್ಲಿ 550 ಕಿ.ಮೀ. ಎತ್ತರದಲ್ಲಿರುವ ಒಂದು ಉಪಗ್ರಹ ಸೆಕೆಂಡಿಗೆ ಸುಮಾರು 7.6 ಕಿ.ಮೀ. ಓಡುತ್ತದೆ. 95 ನಿಮಿಷಕ್ಕೆ ಒಂದು ಸುತ್ತು. ನಿಮ್ಮ ಅಂಗಳದಿಂದ ನೋಡಿದರೆ ಅದು ಕೆಲಸಕ್ಕೆ ಬರುವಷ್ಟು ಮೇಲೆ ಇರುವುದು ಹೆಚ್ಚೆಂದರೆ ನಾಲ್ಕೂವರೆ ನಿಮಿಷ. ಮುಂದಿನ ಸುತ್ತಿಗೆ ಅದೇ ಉಪಗ್ರಹ ನಿಮ್ಮ ತಲೆ ಮೇಲೆ ಬರುವುದೂ ಇಲ್ಲ. ಅಷ್ಟರಲ್ಲಿ ಭೂಮಿ 24 ಡಿಗ್ರಿ ತಿರುಗಿರುತ್ತದೆ, ನಿಮ್ಮ ಊರು ಎರಡೂವರೆ ಸಾವಿರ ಕಿಲೋಮೀಟರ್ ಪೂರ್ವಕ್ಕೆ ಸರಿದಿರುತ್ತದೆ. ಒಂದೇ ಉಪಗ್ರಹ ಇದ್ದಿದ್ದರೆ ಭಾವ ಹೇಳಿದ್ದಕ್ಕಿಂತಲೂ ಕಡಿಮೆ ಹೊತ್ತು ನೆಟ್ ಸಿಗುತ್ತಿತ್ತು.

ಸಾವಿರಗಟ್ಟಲೆ ಯಾಕೆ ಎಂಬ ಪ್ರಶ್ನೆಗೆ ಉತ್ತರ ಶುರುವಾಗುವುದು ಇಲ್ಲಿಂದಲೇ. ರಸ್ತೆ ಬದಿಯಲ್ಲಿ ನಿಂತವರಿಗೆ ಒಂದು ಬಸ್ಸು ಎಷ್ಟು ಹೊತ್ತು ಕಣ್ಣಿಗೆ ಬೀಳುತ್ತದೆ ಎನ್ನುವುದು ಮುಖ್ಯವಲ್ಲ. ಅದರ ಹಿಂದೆ ಇನ್ನೊಂದು ಬರುತ್ತಿದೆಯಾ ಎನ್ನುವುದು ಮುಖ್ಯ. ಈ ವ್ಯವಸ್ಥೆಯಲ್ಲಿ ಯಾವ ಉಪಗ್ರಹವೂ ನಿಮ್ಮದಾಗಿರುವುದಿಲ್ಲ. ಸ್ಟಾರ್‌ಲಿಂಕ್ ಎಂಬ ಉಪಗ್ರಹ ಇಂಟರ್‌ನೆಟ್ ಜಾಲದಲ್ಲಿ ಪ್ರತಿ 15 ಸೆಕೆಂಡಿಗೊಮ್ಮೆ ಯಾವ ಮನೆಗೆ ಯಾವ ಉಪಗ್ರಹ ಎಂದು ಹೊಸದಾಗಿ ಹಂಚಿಕೆ ಆಗುತ್ತದೆ. ನಿಮ್ಮ ಡಿಶ್ ಒಳಗೆ ತಿರುಗುವ ಚಕ್ರ ಇಲ್ಲ. ಚಪ್ಪಟೆ ಹಲಗೆಯಲ್ಲಿ ನೂರಾರು ಪುಟ್ಟ ಆಂಟೆನಾಗಳಿರುತ್ತವೆ. ಅವುಗಳ ಸಿಗ್ನಲ್ಲಿನ ಸಮಯವನ್ನು ಅಷ್ಟಷ್ಟು ಹಿಂದೆಮುಂದೆ ಮಾಡಿದರೆ ಇಡೀ ಹಲಗೆಯ ನೋಟ ಬೇರೆ ದಿಕ್ಕಿಗೆ ಹೊರಳುತ್ತದೆ. ಹಲಗೆ ಅಲುಗಾಡದೆ ನೋಟ ಮಾತ್ರ ಹೊರಳುವುದು ನನಗೆ ಇವತ್ತಿಗೂ ಬೆರಗಿನ ವಿಷಯ. ಹಿಂದೆ ಇದೇ ಕೆಲಸಕ್ಕೆ ದೊಡ್ಡ ಡಿಶ್ಶನ್ನು ಮೋಟಾರಿನಲ್ಲಿ ತಿರುಗಿಸುತ್ತಿದ್ದೆವು. ಒಂದು ಉಪಗ್ರಹ ಮುಳುಗಿ ಇನ್ನೊಂದು ಏಳುವ ಹೊತ್ತಿಗೆ ಅದು ಗರಗರ ಸದ್ದು ಮಾಡುತ್ತ ಪೂರ್ತಿ ಹಿಂದಕ್ಕೆ ಹೊರಳಬೇಕಿತ್ತು.

ಟಿವಿ ಉಪಗ್ರಹದ ಕಥೆ ಬೇರೆ. ಅದು ಸಮಭಾಜಕ ವೃತ್ತದ ಮೇಲೆ 35,786 ಕಿ.ಮೀ. ಎತ್ತರದಲ್ಲಿದೆ. ಅಷ್ಟು ಎತ್ತರದಲ್ಲಿ ಒಂದು ಸುತ್ತಿಗೆ ಒಂದು ದಿನ ಹಿಡಿಯುತ್ತದೆ. ಭೂಮಿಯೂ ಅಷ್ಟೇ ಹೊತ್ತಿನಲ್ಲಿ ತಿರುಗುವುದರಿಂದ ಉಪಗ್ರಹ ಒಂದೇ ಕಡೆ ನಿಂತ ಹಾಗೆ ಕಾಣುತ್ತದೆ. ಅಂಥ ನಮ್ಮ ದೇಶದ ಉಪಗ್ರಹಗಳನ್ನು ಹಗಲೂ ರಾತ್ರಿ ನೋಡಿಕೊಳ್ಳುವುದು ಹಾಸನದಲ್ಲಿರುವ ಇಸ್ರೋ ಕೇಂದ್ರ. ಟಿವಿಗೆ ಇದು ಹೇಳಿ ಮಾಡಿಸಿದ ವ್ಯವಸ್ಥೆ. ಮಾತುಕತೆಗೆ ಮಾತ್ರ ದೂರ ಜಾಸ್ತಿ ಆಯಿತು. ಮಗಳು ಕೇಳಿದ ಪ್ರಶ್ನೆ ಮೇಲೆ ಹೋಗಿ ಕೆಳಗೆ ಬರಬೇಕು, ಉತ್ತರವೂ ಮೇಲೆ ಹೋಗಿ ಕೆಳಗೆ ಬರಬೇಕು. ಬೆಳಕಿನ ವೇಗದಲ್ಲಿ ಓಡಿದರೂ ಅದಕ್ಕೇ ಸುಮಾರು ಅರ್ಧ ಸೆಕೆಂಡ್ ಬೇಕು. ಇಬ್ಬರೂ ಒಟ್ಟಿಗೆ ಮಾತಾಡಿ, ಇಬ್ಬರೂ ಒಟ್ಟಿಗೆ ನಿಲ್ಲಿಸಿ, ಮೀಟಿಂಗ್ ಕುಂಟುತ್ತದೆ. 550 ಕಿ.ಮೀ. ಎತ್ತರದ ಉಪಗ್ರಹದಲ್ಲಿ ಆಕಾಶದ ದಾರಿಗೆ ಹತ್ತು ಹದಿನೈದು ಮಿಲಿಸೆಕೆಂಡ್ (ಸೆಕೆಂಡಿನ ಸಾವಿರದ ಒಂದು ಪಾಲು) ಸಾಕು. ನೆಲದ ಮೇಲಿನ ದಾರಿ ಸೇರಿದರೂ ಸಾಮಾನ್ಯವಾಗಿ 25ರಿಂದ 50 ಮಿಲಿಸೆಕೆಂಡಿನ ಒಳಗೆ ಮುಗಿಯುತ್ತದೆ. ಕಿವಿಗೆ ಅದು ಗೊತ್ತೇ ಆಗುವುದಿಲ್ಲ.

ಕೆಳಗೆ ಇಳಿದದ್ದಕ್ಕೆ ತೆರಬೇಕಾದ ಬೆಲೆಯೂ ಇದೆ. ಎತ್ತರ ಕಡಿಮೆ ಆದಷ್ಟೂ ಒಂದು ಉಪಗ್ರಹಕ್ಕೆ ಕಾಣುವ ನೆಲ ಕಡಿಮೆ. ಗುಡ್ಡದ ತುದಿಯಿಂದ ಇಡೀ ಊರು ಕಾಣುತ್ತದೆ, ಮನೆ ಮಾಡಿನಿಂದ ಪಕ್ಕದ ತೋಟ ಮಾತ್ರ, ಅಲ್ವಾ? 550 ಕಿ.ಮೀ. ಎತ್ತರದ ಉಪಗ್ರಹ ಸುತ್ತಲೂ ಸುಮಾರು 940 ಕಿ.ಮೀ. ವರೆಗಿನ ಮನೆಗಳಿಗೆ ಮಾತ್ರ ಕೆಲಸಕ್ಕೆ ಬರುತ್ತದೆ. ಅಂಥ ಚಕ್ರಗಳಿಂದ ಇಡೀ ಭೂಮಿಯನ್ನು ಮುಚ್ಚಬೇಕು ಎಂದರೆ, ಎಲ್ಲೂ ಒಂದರ ಮೇಲೊಂದು ಬೀಳದಿದ್ದರೂ 180ಕ್ಕೂ ಜಾಸ್ತಿ ಬೇಕು. ಬಿಡುವು ಇಲ್ಲದಂತೆ ಮುಚ್ಚಲು ಇನ್ನೂ ನೂರಾರು. ಅಲ್ಲಿಂದ ಸಾವಿರಗಳಿಗೆ ಏರುವುದು ಬೇರೆ ಕಾರಣಕ್ಕೆ. ಆ ಚಕ್ರದೊಳಗೆ ಲಕ್ಷಾಂತರ ಮನೆಗಳಿರುತ್ತವೆ, ಅಷ್ಟು ಜನರ ವಿಡಿಯೊ ಹೊರಲು ಒಂದು ಉಪಗ್ರಹಕ್ಕೆ ಶಕ್ತಿ ಸಾಲದು. ನಿಮ್ಮ ಪಾಲಿಗೆ ಸಿಗುವುದು ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್ ಅಗಲದ ಒಂದು ತುಂಡು ನೆಲಕ್ಕೆ ಇಳಿಯುವ ಕಿರಣದಲ್ಲಿ ಒಂದು ಪಾಲು. ಹೊಸನಗರದ ಕಡೆ ಆ ತುಂಡಿನಲ್ಲಿ ಮನೆಗಳು ಕಡಿಮೆ, ಹಾಗಾಗಿ ಪಾಲು ದೊಡ್ಡದು. ಬೆಂಗಳೂರಿನ ಜಯನಗರದವರಿಗೆ ಇದು ಬೇಡ ಎಂದು ನಾನು ಹೇಳುವುದೂ ಇದೇ ಕಾರಣಕ್ಕೆ.

ಈಗ ಇವುಗಳನ್ನು ಜೋಡಿಸುವ ಬಗೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ನೀವು ಕಂಡ ದೀಪದ ಸಾಲಿನ ಗುಟ್ಟು ಇಲ್ಲೇ ಇದೆ.

ಒಂದು ಚೆಂಡಿಗೆ ಹೂಮಾಲೆ ಸುತ್ತಿದಂತೆ ಯೋಚಿಸಿ. ಮಾಲೆ ಎಂದರೆ ಒಂದು ಕಕ್ಷೆ, ಹೂವು ಎಂದರೆ ಒಂದು ಉಪಗ್ರಹ. ಮಾಲೆ ಎಷ್ಟು, ಒಂದೊಂದರಲ್ಲಿ ಹೂವು ಎಷ್ಟು, ಮಾಲೆ ಎಷ್ಟು ಓರೆ, ಪಕ್ಕದ ಮಾಲೆಯ ಹೂವಿಗೂ ಇದರ ಹೂವಿಗೂ ಎಷ್ಟು ಜೋಡು ತಪ್ಪಿಸಬೇಕು. ಇಷ್ಟನ್ನು ಬರೆದುಕೊಟ್ಟರೆ ಇಡೀ ಜಾಲವನ್ನು ಬರೆದುಕೊಟ್ಟ ಹಾಗೆ. ಈ ಲೆಕ್ಕವನ್ನು ಒಪ್ಪವಾಗಿ ಕೂರಿಸಿದವರು ವಾಕರ್ ಎಂಬ ಬ್ರಿಟನ್ನಿನ ತಜ್ಞರು. ನಮ್ಮ ಕೆಲಸದಲ್ಲಿ ಈಗಲೂ ‘ವಾಕರ್ ಜೋಡಣೆ’ ಎಂದೇ ಹೇಳುತ್ತೇವೆ.

ಇದರಲ್ಲಿ ಎರಡು ದೊಡ್ಡ ದಾರಿಗಳಿವೆ. ಮಾಲೆಗಳನ್ನು ಹೆಚ್ಚುಕಡಿಮೆ ನೆಟ್ಟಗೆ, ಉತ್ತರ ಧ್ರುವದಿಂದ ದಕ್ಷಿಣ ಧ್ರುವಕ್ಕೆ ಹಾಕುವುದು ಒಂದು. ಉಪಗ್ರಹ ಫೋನಿನ ಇರಿಡಿಯಂ ಜಾಲ ಹಾಗಿದೆ. 780 ಕಿ.ಮೀ. ಎತ್ತರ, 6 ಮಾಲೆ, ಒಂದೊಂದರಲ್ಲಿ 11, ಒಟ್ಟು 66. ಮೊದಲು 77 ಬೇಕು ಎಂದುಕೊಂಡಿದ್ದರು, 77ನೇ ಧಾತುವಿನ ಹೆಸರನ್ನೇ ಇಟ್ಟರು. 1998ರಲ್ಲಿ ಸೇವೆ ಶುರುವಾಯಿತು. ಮರುವರ್ಷವೇ ಕಂಪನಿ ದಿವಾಳಿ ಅರ್ಜಿ ಹಾಕಿತು. ಆದರೆ ಉಪಗ್ರಹಗಳು ಉಳಿದವು, ಮುಂದೆ ಹೊಸ ತಲೆಮಾರೂ ಬಂದಿತು. ನಡುಸಮುದ್ರದ ಹಡಗಿಗೂ ಧ್ರುವದ ಹತ್ತಿರ ಹಾರುವ ವಿಮಾನಕ್ಕೂ ಅದು ಇವತ್ತೂ ಬೇಕು. ಇಂಟರ್‌ನೆಟ್ ಕೊಡುವ ಒನ್‌ವೆಬ್ ಜಾಲ ಕೂಡ ಇದೇ ಬಗೆಯದು. 1,200 ಕಿ.ಮೀ. ಎತ್ತರ, 12 ಮಾಲೆ. ಅದರ 72 ಉಪಗ್ರಹಗಳನ್ನು ಶ್ರೀಹರಿಕೋಟಾದಿಂದ ನಮ್ಮ ಎಲ್‌ವಿಎಂ-3 ರಾಕೆಟ್ ಎರಡು ಕಂತಿನಲ್ಲಿ ಏರಿಸಿತು. 2022ರ ಅಕ್ಟೋಬರ್ 23ರಂದು 36, 2023ರ ಮಾರ್ಚ್ 26ರಂದು 36. ಆ ಸುದ್ದಿ ಓದಿದ ದಿನ ನನಗಾದ ಖುಷಿ ಸಣ್ಣದಲ್ಲ.

ನೆಟ್ಟಗೆ ಹಾಕಿದ ಮಾಲೆಗಳಲ್ಲಿ ಒಂದು ತೊಡಕಿದೆ. ಎಲ್ಲವೂ ಧ್ರುವದ ಬಳಿ ಒತ್ತಾಗಿ ಸೇರುತ್ತವೆ, ಅಲ್ಲಿ ಜನರೇ ಇಲ್ಲ. ಜನ ಇರುವ ಕಡೆ ಮಾಲೆಗಳ ನಡುವಿನ ಅಂತರ ಜಾಸ್ತಿ. ಅದಕ್ಕೇ ಎರಡನೇ ದಾರಿ: ಮಾಲೆಯನ್ನು ಓರೆಯಾಗಿ ಹಾಕುವುದು. ಒಂದೇ ಎತ್ತರ, ಒಂದೇ ಓರೆಯ ಮಾಲೆಗಳ ಗುಂಪನ್ನು ಒಂದು ಪದರ ಎನ್ನೋಣ. ಸ್ಟಾರ್‌ಲಿಂಕಿನ ಮೊದಲ ಪದರದ ವಿನ್ಯಾಸ 550 ಕಿ.ಮೀ. ಎತ್ತರ, ಸಮಭಾಜಕ ವೃತ್ತಕ್ಕೆ 53 ಡಿಗ್ರಿ ಓರೆ, 72 ಮಾಲೆ, ಒಂದೊಂದಕ್ಕೆ 22, ಒಟ್ಟು 1,584. ಓರೆ ಮಾಲೆಯ ಉಪಗ್ರಹ 53 ಡಿಗ್ರಿ ಅಕ್ಷಾಂಶದವರೆಗೆ ಹೋಗಿ ಅಲ್ಲಿಂದ ತಿರುಗಿ ಬರುತ್ತದೆ. ಉಯ್ಯಾಲೆ ತುದಿಯಲ್ಲಿ ಒಂದು ಕ್ಷಣ ನಿಂತ ಹಾಗೆ ಕಾಣುತ್ತದಲ್ಲ, ಹಾಗೇ ಉಪಗ್ರಹವೂ ಆ ತುದಿಯ ಅಕ್ಷಾಂಶದ ಹತ್ತಿರವೇ ಜಾಸ್ತಿ ಹೊತ್ತು ಕಳೆಯುತ್ತದೆ. ಆ ಅಕ್ಷಾಂಶಗಳಲ್ಲಿ ಇರುವುದು ಯುರೋಪು, ಅಮೆರಿಕದ ಉತ್ತರ ಭಾಗ, ಕೆನಡಾದ ದಕ್ಷಿಣ ಅಂಚು. ನಾವಿರುವುದು 14ರ ಆಸುಪಾಸಿನಲ್ಲಿ. ಆ ಒಂದು ಪದರವನ್ನೇ ಹಿಡಿದು ಲೆಕ್ಕ ಹಾಕಿದರೆ ನಿಮ್ಮ ಅಂಗಳದ ಮೇಲೆ ಯಾವುದೇ ಕ್ಷಣದಲ್ಲಿ ಸರಾಸರಿ ಏಳು ಉಪಗ್ರಹಗಳಿರುತ್ತವೆ. ಪ್ಯಾರಿಸ್ಸಿನವರಿಗೆ ಅದರ ಸುಮಾರು ಎರಡು ಪಟ್ಟು.

ಎಲ್ಲರ ಮೇಲೂ ಸಮನಾಗಿ ಹಂಚಿದ ಜಾಲ ಎಂದು ಜನ ತಿಳಿದಿರುತ್ತಾರೆ. ಹಾಗಿಲ್ಲ. ಮಾಲೆಯ ಓರೆ ಎಷ್ಟು ಎಂದು ತೀರ್ಮಾನಿಸುವಾಗಲೇ ಯಾರಿಗೆ ಜಾಸ್ತಿ, ಯಾರಿಗೆ ಕಡಿಮೆ ಎನ್ನುವುದೂ ತೀರ್ಮಾನ ಆಗಿಬಿಡುತ್ತದೆ. ಸ್ಟಾರ್‌ಲಿಂಕಿನ ಎರಡನೇ ತಲೆಮಾರಿನಲ್ಲಿ 43 ಮತ್ತು 33 ಡಿಗ್ರಿಯ ಪದರಗಳೂ ಸೇರಿವೆ. ಅಮೆಜಾನಿನ 3,236 ಉಪಗ್ರಹಗಳ ಯೋಜನೆಯಲ್ಲೂ 33, 42 ಮತ್ತು 51.9 ಡಿಗ್ರಿಯ ಮೂರು ಪದರಗಳಿವೆ. ನಮ್ಮಂಥ ದಕ್ಷಿಣದವರಿಗೆ ನಿಜವಾದ ಲಾಭ ಈ ಕಡಿಮೆ ಓರೆಯ ಮಾಲೆಗಳಿಂದ. ಯಾವ ಕಂಪನಿಯೇ ಬಂದರೂ ನಾನು ಮೊದಲು ನೋಡುವ ಅಂಕಿ ಇದು. ಒಟ್ಟು ಸಂಖ್ಯೆಯನ್ನು ಆಮೇಲೆ ನೋಡುತ್ತೇನೆ.

ನಿಮ್ಮ ದೀಪದ ಸಾಲಿಗೆ ಬರೋಣ. ರಾಕೆಟ್ ಒಂದು ಸಲಕ್ಕೆ ಹತ್ತಾರು ಉಪಗ್ರಹಗಳನ್ನು ಒಟ್ಟಿಗೆ ತಂದು, 300 ಕಿ.ಮೀ. ಆಸುಪಾಸಿನ ಎತ್ತರದಲ್ಲಿ ಒಂದೇ ಕಡೆ ಬಿಡುತ್ತದೆ. 2019ರ ಮೇ ತಿಂಗಳಿನ ಮೊದಲ ಕಂತಿನಲ್ಲಿ 60 ಇದ್ದವು. ಬಿಟ್ಟ ಮೊದಲ ಕೆಲವು ದಿನ ಅವು ಒಂದರ ಹಿಂದೆ ಒಂದು ಹೋಗುತ್ತವೆ. ಬೆಳಗಿನ ಜಾವ ನಮಗೆ ಕತ್ತಲು, ಅಷ್ಟು ಎತ್ತರದಲ್ಲಿ ಆಗಲೇ ಬಿಸಿಲು. ಆ ಬಿಸಿಲು ಬಡಿದು ಹೊಳೆದದ್ದನ್ನೇ ನೀವು ಕಂಡಿರಿ. ಅವು ಇನ್ನೂ ಕೆಲಸಕ್ಕೆ ಸೇರದ ಉಪಗ್ರಹಗಳು. ತಮ್ಮ ತಮ್ಮ ಜಾಗಕ್ಕೆ ಹೊರಟಿದ್ದವು.

ಒಂದೇ ಕಡೆ ಬಿಟ್ಟವನ್ನು ಬೇರೆ ಬೇರೆ ಮಾಲೆಗೆ ಸೇರಿಸುವುದು ಹೇಗೆ? ನೇರವಾಗಿ ಪಕ್ಕದ ಮಾಲೆಗೆ ನೂಕಲು ಹೊರಟರೆ ಇಂಧನ ಸಾಲದು. 350ರಿಂದ 550 ಕಿ.ಮೀ.ಗೆ ಏರಲು ಬೇಕಾದ ಶಕ್ತಿಯ ನಾಲ್ಕೈದು ಪಟ್ಟು, ಬರೀ ಪಕ್ಕದ ಒಂದು ಮಾಲೆಗೆ ಹಾರಲು ಬೇಕು. ಅದಕ್ಕೆ ಎಂಜಿನಿಯರುಗಳು ಭೂಮಿಯಿಂದಲೇ ಕೆಲಸ ತೆಗೆಸುತ್ತಾರೆ. ಭೂಮಿ ಪೂರ್ತಿ ಗುಂಡಗಿಲ್ಲ, ನಡು ಸ್ವಲ್ಪ ಉಬ್ಬಿದೆ. ಸಮಭಾಜಕ ವೃತ್ತದ ಬಳಿಯ ತ್ರಿಜ್ಯ ಧ್ರುವದ ಬಳಿಯ ತ್ರಿಜ್ಯಕ್ಕಿಂತ ಸುಮಾರು 21 ಕಿ.ಮೀ. ಜಾಸ್ತಿ. ಆ ಉಬ್ಬಿನ ಸೆಳೆತಕ್ಕೆ ಇಡೀ ಮಾಲೆ ದಿನಕ್ಕೆ ಇಷ್ಟಿಷ್ಟು ಪಶ್ಚಿಮಕ್ಕೆ ಜಾರುತ್ತದೆ. 53 ಡಿಗ್ರಿ ಓರೆಯಲ್ಲಿ, 550 ಕಿ.ಮೀ. ಎತ್ತರದಲ್ಲಿ ದಿನಕ್ಕೆ ನಾಲ್ಕೂವರೆ ಡಿಗ್ರಿ. 350 ಕಿ.ಮೀ. ಎತ್ತರದಲ್ಲಿ ಸುಮಾರು ಐದು. ವ್ಯತ್ಯಾಸ ಅರ್ಧ ಡಿಗ್ರಿ.

ಆ ಅರ್ಧ ಡಿಗ್ರಿಯಲ್ಲೇ ಇಡೀ ಉಪಾಯ ಇದೆ. ತಂದ ಗುಂಪಿನಲ್ಲಿ ಮೊದಲ ಪಾಲನ್ನು ಕೂಡಲೇ ಮೇಲೆ ಏರಿಸುತ್ತಾರೆ. ಉಳಿದವನ್ನು ಕೆಳಗೇ ಕಾಯಿಸುತ್ತಾರೆ. ಕಾಯುವವು ದಿನಕ್ಕೆ ಅರ್ಧ ಡಿಗ್ರಿ ಜಾಸ್ತಿ ಜಾರುತ್ತ ಹೋಗುತ್ತವೆ. 72 ಮಾಲೆ ಎಂದರೆ ಪಕ್ಕದ ಮಾಲೆ 5 ಡಿಗ್ರಿ ದೂರ. ಹತ್ತು ದಿನ ಕಾದರೆ ಅಲ್ಲಿಗೆ ತಲುಪಿದ ಹಾಗೆ. ನಲವತ್ತು ದಿನ ಕಾದರೆ 20 ಡಿಗ್ರಿ ಆಚೆಯ ಮಾಲೆ. ಸರಿಯಾದ ದಿನ ನೋಡಿ ಎರಡನೇ ಪಾಲನ್ನು ಏರಿಸುತ್ತಾರೆ, ಆಮೇಲೆ ಮೂರನೆಯದನ್ನು. ಏರಿಸುವ ಎಂಜಿನ್ ಕೂಡ ವಿದ್ಯುತ್ತಿನಿಂದ ನಡೆಯುವ, ಬಹಳ ಮೆಲ್ಲಗೆ ತಳ್ಳುವ ಎಂಜಿನ್. ಮೊದಲ ತಲೆಮಾರಿನಲ್ಲಿ ಅದಕ್ಕೆ ಕ್ರಿಪ್ಟಾನ್ ಅನಿಲ ಬಳಸಿದರು, ಆಮೇಲೆ ಆರ್ಗಾನ್. ದುಡ್ಡು ಸುರಿದು ಆಗದ ಕೆಲಸವನ್ನು ಕಾಯ್ದು ಮಾಡಿಸಿಕೊಳ್ಳುವ ಈ ಲೆಕ್ಕ ನನಗೆ ಬಹಳ ಇಷ್ಟ. ಒಂದೇ ಎತ್ತರಕ್ಕೆ, ಒಂದೇ ಓರೆಗೆ ಸೇರಿದ ಮೇಲೆ ಎಲ್ಲ ಮಾಲೆಗಳೂ ಒಂದೇ ವೇಗದಲ್ಲಿ ಜಾರುತ್ತವೆ. ಹಾಗಾಗಿ ಜೋಡಣೆ ಹಾಗೇ ಉಳಿಯುತ್ತದೆ.

ಡಿಕ್ಕಿಯ ಭಯ ಬುಡವಿಲ್ಲದ್ದೇನಲ್ಲ. 72 ಓರೆ ಮಾಲೆಗಳು ಒಂದನ್ನೊಂದು ಸಾವಿರಾರು ಕಡೆ ದಾಟುತ್ತವೆ. ಅದಕ್ಕೇ ‘ಜೋಡು ತಪ್ಪಿಸುವ’ ಲೆಕ್ಕ. ಗಾರೆಯವರು ಒಂದು ವರಸೆ ಇಟ್ಟಿಗೆಯ ಸಂದಿನ ಮೇಲೆ ಮುಂದಿನ ವರಸೆಯ ಸಂದು ಬರದಂತೆ ಇಡುತ್ತಾರಲ್ಲ, ಅದೇ ರೀತಿ. ಒಂದು ಮಾಲೆಯ ಉಪಗ್ರಹ ಕೂಡುಜಾಗ ದಾಟುವಾಗ ಇನ್ನೊಂದು ಮಾಲೆಯ ಉಪಗ್ರಹ ಸಾಕಷ್ಟು ದೂರ ಇರುವಂತೆ ಸಮಯ ಹೊಂದಿಸಿರುತ್ತಾರೆ. ಒಂದೇ ಮಾಲೆಯ ಎರಡು ಉಪಗ್ರಹಗಳ ನಡುವೆ ಸುಮಾರು 2,000 ಕಿ.ಮೀ. ಅಂತರ. ತನ್ನ ಗುಂಪಿನೊಳಗೆ ಜಾಲಕ್ಕೆ ಅಪಾಯ ಕಡಿಮೆ. ಹೊರಗಿನದು, ಸತ್ತದ್ದು, ಯಾರ ಮಾತೂ ಕೇಳದ್ದು ಎದುರಾದಾಗ ತೊಂದರೆ. 2009ರ ಫೆಬ್ರುವರಿ 10ರಂದು ಕೆಲಸ ಮಾಡುತ್ತಿದ್ದ ಇರಿಡಿಯಂ-33ಕ್ಕೆ ಕೆಟ್ಟು ನಿಂತಿದ್ದ ರಷ್ಯಾದ ಕಾಸ್ಮಾಸ್-2251 ಬಡಿಯಿತು. ಸೈಬೀರಿಯಾದ ಮೇಲೆ, ಸುಮಾರು 790 ಕಿ.ಮೀ. ಎತ್ತರದಲ್ಲಿ. ಎರಡೂ ಚೂರಾದವು. ಹತ್ತಿರ ಹತ್ತಿರ ಎರಡು ಸಾವಿರ ದೊಡ್ಡ ಚೂರುಗಳು ಹರಡಿದವು. ಅಂದಿನಿಂದ ಎಲ್ಲರೂ ಎಚ್ಚರ. ನಮ್ಮ ಇಸ್ರೋ ಕೂಡ ಇಂಥ ಅಪಾಯ ಮೊದಲೇ ಹಿಡಿಯಲು ಬೆಂಗಳೂರಿನಲ್ಲಿ ಒಂದು ಕೇಂದ್ರ ನಡೆಸುತ್ತಿದೆ. ಅದು ಶುರುವಾದದ್ದು 2022ರ ಜುಲೈನಲ್ಲಿ.

ಇನ್ನು ತಲೆ ಮೇಲೆ ಬೀಳುವ ಮಾತು. 550 ಕಿ.ಮೀ. ಎತ್ತರದಲ್ಲೂ ತೆಳು ಗಾಳಿ ಇದೆ. ಕೆಟ್ಟ ಉಪಗ್ರಹ ಆ ಗಾಳಿಗೆ ಉಜ್ಜುತ್ತ ಕೆಲವೇ ವರ್ಷಗಳಲ್ಲಿ ಇಳಿದು, ಗಾಳಿಯ ಬಿಸಿಗೆ ಉರಿದುಹೋಗುತ್ತದೆ. ಹಾಗೆ ಉರಿದುಹೋಗುವಂತೆಯೇ ಇವನ್ನು ಕಟ್ಟಿರುತ್ತಾರೆ. 2022ರ ಫೆಬ್ರುವರಿಯಲ್ಲಿ ಏರಿಸಿದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ ಹೆಚ್ಚಿನವು ಹೀಗೆ ಹೋದವು. ಸೂರ್ಯನ ಕಡೆಯಿಂದ ಬಂದ ಬಿರುಗಾಳಿಗೆ ಮೇಲಿನ ವಾತಾವರಣ ಉಬ್ಬಿತು. 210 ಕಿ.ಮೀ. ಎತ್ತರದಲ್ಲಿದ್ದ ಅವಕ್ಕೆ ಏರಲು ಆಗಲೇ ಇಲ್ಲ. 1,200 ಕಿ.ಮೀ. ಎತ್ತರದಲ್ಲಿ ಕೆಟ್ಟರೆ ಪರಿಸ್ಥಿತಿ ಬೇರೆ, ಅಲ್ಲಿ ನೂರಾರು ವರ್ಷ ಸುತ್ತುತ್ತಲೇ ಇರುತ್ತದೆ. ನನ್ನ ಕಾಳಜಿ ಇರುವುದು ಈ ಎತ್ತರದ ಕಸದ ಬಗ್ಗೆ. ಆಕಾಶ ನೋಡುವ ವಿಜ್ಞಾನಿಗಳ ದೂರೂ ನಿಜ. ಅವರ ದೂರದರ್ಶಕದ ಚಿತ್ರಗಳಲ್ಲಿ ಇವು ಗೀರು ಎಳೆಯುತ್ತವೆ. ನಮಗೆ ನೆಟ್ ಬೇಕು ಎಂದು ಅದನ್ನು ಮರೆಯಬಾರದು.

ಈಗ ನಿಮ್ಮ ತೋಟ. ಇಲ್ಲಿ ನಾನು ಕೈ ಸುಟ್ಟುಕೊಂಡಿದ್ದೇನೆ. ಚಿಕ್ಕಮಗಳೂರು ಕಡೆಯ ಒಂದು ಕಾಫಿ ತೋಟದಲ್ಲಿ ನಾವೇ ನಿಲ್ಲಿಸಿದ ಡಿಶ್ ಎರಡು ವರ್ಷ ಚೆನ್ನಾಗಿ ನಡೆಯಿತು. ಮೂರನೇ ಮಳೆಗಾಲದಲ್ಲಿ ಸಿಗ್ನಲ್ ಬೀಳತೊಡಗಿತು. ಮಳೆ ನಿಂತ ಮೇಲೂ ಗಂಟೆಗಟ್ಟಲೆ ಬರುತ್ತಿರಲಿಲ್ಲ. ಮೋಡೆಮ್ ಎರಡು ಸಲ ಬದಲಿಸಿದೆವು, ಕೇಬಲ್ ಬದಲಿಸಿದೆವು. ಕೊನೆಗೆ ತೋಟದ ಕೆಲಸದವರೊಬ್ಬರು ಡಿಶ್ಶಿನ ಪಕ್ಕ ನಿಂತು ಮೇಲೆ ಕೈ ತೋರಿಸಿದರು. ಸಿಲ್ವರ್ ಓಕ್ ಮರದ ಒಂದು ಕೊಂಬೆ ಬೆಳೆದು ಸರಿಯಾಗಿ ಅಡ್ಡ ಬಂದಿತ್ತು. ಒಣಗಿದ್ದಾಗ ಸಿಗ್ನಲ್ ಹೇಗೋ ತೂರಿಕೊಂಡು ಬರುತ್ತಿತ್ತು. ಎಲೆ ನೆನೆದರೆ ನಿಂತೇ ಹೋಗುತ್ತಿತ್ತು. ಅದು ಒಂದೇ ಕಡೆ ನಿಂತ ಉಪಗ್ರಹ, ಹಾಗಾಗಿ ಒಂದು ಕೊಂಬೆ ಕಡಿದರೆ ಮುಗಿಯಿತು. ಕಡಿದೆವು, ಸರಿಹೋಯಿತು.

ಓಡುವ ಉಪಗ್ರಹಗಳಿಗೆ ಹಾಗೆ ಒಂದು ಸಂದಿ ಸಾಲದು. ನಿಮ್ಮ ಊರಿನಲ್ಲಿ ಡಿಡಿ ಫ್ರೀ ಡಿಶ್ ಇಟ್ಟವರ ಡಿಶ್ ನೋಡಿ, ಎಲ್ಲವೂ ಆಗ್ನೇಯಕ್ಕೆ ಮುಖ ಮಾಡಿ ಎತ್ತರಕ್ಕೆ ನೋಡುತ್ತಿರುತ್ತವೆ. ಆ ಒಂದು ದಿಕ್ಕಿನಲ್ಲಿ ಸೋಗೆ ಅಡ್ಡ ಇಲ್ಲದಿದ್ದರೆ ಟಿವಿ ಬಂತು. ಈ ಹೊಸ ಹಲಗೆಗೆ ಬೋಗುಣಿಯಷ್ಟು ಅಗಲದ ಆಕಾಶ ಬೇಕು, ನೆಲದಿಂದ 25 ಡಿಗ್ರಿ ಮೇಲಿನದೆಲ್ಲ. ಒಂದು ಅಡಿಕೆ ಮರದ ತಲೆ ಅಡ್ಡ ಬಂದರೂ ಉಪಗ್ರಹ ಅದರ ಹಿಂದೆ ಹಾಯುವ ಕೆಲವು ಸೆಕೆಂಡು ನೆಟ್ ಕಡಿಯುತ್ತದೆ. ಸಿನಿಮಾ ನೋಡುವವರಿಗೆ ಅದು ಗೊತ್ತಾಗುವುದೇ ಇಲ್ಲ. ಮಗಳ ಮೀಟಿಂಗಿಗೆ ಗೊತ್ತಾಗುತ್ತದೆ. ಇನ್ನೊಂದು ಮಾತು ಇದೆ. ಟಿವಿ ಉಪಗ್ರಹಗಳಿಗೆ ತೊಂದರೆ ಕೊಡಬಾರದು ಎಂಬ ಅಂತರರಾಷ್ಟ್ರೀಯ ನಿಯಮ ಇರುವುದರಿಂದ, ಅವುಗಳ ಸಾಲಿಗೆ ನೇರವಾಗಿ ಬರುವ ಉಪಗ್ರಹಗಳನ್ನು ಆ ಹೊತ್ತಿಗೆ ಬಳಸುವಂತಿಲ್ಲ. ನಮ್ಮ ಅಕ್ಷಾಂಶದಲ್ಲಿ ಆ ಸಾಲು ಹೆಚ್ಚುಕಡಿಮೆ ನೆತ್ತಿಯ ಹತ್ತಿರ, ಸ್ವಲ್ಪ ದಕ್ಷಿಣಕ್ಕೆ ಹಾದುಹೋಗುತ್ತದೆ. ಹಾಗಾಗಿ ಉತ್ತರದ ಆಕಾಶ ನಿಮಗೆ ಜಾಸ್ತಿ ಕೆಲಸಕ್ಕೆ ಬರುತ್ತದೆ.

ದುಡ್ಡು ಕೊಡುವ ಮೊದಲು ಒಂದು ಕೆಲಸ ಮಾಡಿ. ಡಿಶ್ ಇಡಬೇಕೆಂದಿರುವ ಜಾಗದಲ್ಲಿ, ಮಾಡಿನ ತುದಿಯೋ ನೀರಿನ ಟ್ಯಾಂಕೋ ಯಾವುದೋ, ಅಲ್ಲಿ ನಿಂತು ಕೈಯನ್ನು ಪೂರ್ತಿ ಮುಂದೆ ಚಾಚಿ ಮುಷ್ಟಿ ಹಿಡಿಯಿರಿ. ಒಂದು ಮುಷ್ಟಿ ಎಂದರೆ ಸುಮಾರು 10 ಡಿಗ್ರಿ. ಕಣ್ಣಿನ ಮಟ್ಟದಿಂದ ಎರಡೂವರೆ ಮುಷ್ಟಿ ಮೇಲಕ್ಕೆ ಅಳೆಯಿರಿ. ಅದಕ್ಕಿಂತ ಮೇಲೆ ಏನೇನು ಕಾಣುತ್ತದೆ ಎಂದು ಸುತ್ತಲೂ ತಿರುಗಿ, ಉತ್ತರದಿಂದ ಶುರುಮಾಡಿ ಬರೆದುಕೊಳ್ಳಿ. ಡಿಶ್ಶಿಗಿಂತ 10 ಮೀಟರ್ ಎತ್ತರ ಇರುವ ಮರ ಕನಿಷ್ಠ 22 ಮೀಟರ್ ದೂರ ಇರಬೇಕು. ನಿಮ್ಮ ಹಿಂದಿನ ಗುಡ್ಡ ಉತ್ತರಕ್ಕಿದ್ದು ಎರಡೂವರೆ ಮುಷ್ಟಿಗಿಂತ ಮೇಲೆ ಎದ್ದಿದ್ದರೆ, ಮನೆ ಮೇಲೆ ಡಿಶ್ ಇಡುವ ಯೋಚನೆ ಬಿಡಿ. ಗುಡ್ಡದ ಮೇಲೆ ಇಟ್ಟು ಕೇಬಲ್ ತರುವ ದಾರಿ ಇದೆ. ಆದರೆ ಅಲ್ಲಿಗೆ ಕರೆಂಟು ಬೇಕು, ಸಿಡಿಲಿನ ಭಯವೂ ಇದೆ.

ಮಳೆಯ ವಿಷಯ. ಜಡಿಮಳೆಗೆ ನೆಟ್ ನಿಲ್ಲುವುದಿಲ್ಲ, ಸ್ವಲ್ಪ ನಿಧಾನ ಆಗಬಹುದು. ಎದುರಿನ ತೋಟ ಕಾಣದ ಹಾಗೆ ಸುರಿಯುವ ಹೊತ್ತಿನಲ್ಲಿ ಕೆಲವು ನಿಮಿಷ ಹೋಗುತ್ತದೆ. ಟಿವಿ ಡಿಶ್ ಬಳಸುವ ಅಲೆಗಳೂ ಇದರ ಅಲೆಗಳೂ ಒಂದೇ ಜಾತಿಯವು. ನಿಮ್ಮ ಮನೆ ಟಿವಿ ಮಳೆಗಾಲದಲ್ಲಿ ಎಷ್ಟು ಸಲ ಕೈಕೊಡುತ್ತದೆ ನೋಡಿ, ಅಂದಾಜು ಸಿಗುತ್ತದೆ. ಉಪಗ್ರಹ ಮಾತಾಡುವ ನೆಲದ ಕೇಂದ್ರದ ಮೇಲೂ ಮಳೆ ಬೀಳುತ್ತದೆ. ಅದಕ್ಕೆ ಕಂಪನಿಗಳು ಒಂದಕ್ಕಿಂತ ಜಾಸ್ತಿ ಕೇಂದ್ರ ಇಟ್ಟಿರುತ್ತವೆ. ಒನ್‌ವೆಬ್ಬಿನ ಮೊದಲ ತಲೆಮಾರಿನಲ್ಲಿ ಉಪಗ್ರಹಗಳು ತಮ್ಮತಮ್ಮಲ್ಲಿ ಮಾತಾಡುವುದಿಲ್ಲ, ಹಾಗಾಗಿ ನೀವೂ ನೆಲದ ಕೇಂದ್ರವೂ ಒಂದೇ ಉಪಗ್ರಹಕ್ಕೆ ಕಾಣಬೇಕು. ಸ್ಟಾರ್‌ಲಿಂಕಿನ ಹೊಸ ಉಪಗ್ರಹಗಳು ಲೇಸರ್ ಬೆಳಕಿನಲ್ಲಿ ಒಂದಕ್ಕೊಂದು ದಾಟಿಸಬಲ್ಲವು. ನಿಮ್ಮ ಕಡೆ ನಿಜವಾಗಿ ಜಾಸ್ತಿ ಕಾಡುವುದು ಕರೆಂಟು. ಡಿಶ್ಶಿಗೆ 50ರಿಂದ 100 ವ್ಯಾಟ್ ಸತತವಾಗಿ ಬೇಕು. ಎರಡು ದಿನ ಲೈನ್ ಹೋದರೆ ಸಣ್ಣ ಯುಪಿಎಸ್ ಸಾಲದು.

ಭಾರತದಲ್ಲಿ ಒನ್‌ವೆಬ್ ಮತ್ತು ಜಿಯೊಗೆ ಮೊದಲೇ ಪರವಾನಗಿ ಸಿಕ್ಕಿತ್ತು, ಸ್ಟಾರ್‌ಲಿಂಕಿಗೆ ಸಿಕ್ಕಿದ್ದು 2025ರ ಜೂನ್‌ನಲ್ಲಿ. ಯಾರಾದರೂ ವಿದೇಶದಿಂದ ತಂದ ಡಿಶ್ ಕೊಡುತ್ತೇನೆ ಎಂದರೆ ದಯವಿಟ್ಟು ತೆಗೆದುಕೊಳ್ಳಬೇಡಿ. ಇಲ್ಲಿ ಅನುಮತಿ ಇಲ್ಲದ ಡಿಶ್ ಬಳಸುವುದು ಅಪರಾಧ. ಒಂದು ಸಂಪರ್ಕ ತೆಗೆದುಕೊಂಡು ನಾಲ್ಕು ಮನೆಗೆ ಹಂಚುವ ಯೋಚನೆ ಇದ್ದರೆ ಕಂಪನಿಯ ನಿಯಮ ಅದಕ್ಕೆ ಒಪ್ಪುತ್ತದೆಯೇ ಎಂದು ಮೊದಲು ಓದಿ.

ನನ್ನ ಮಾತು ಕೇಳುವುದಾದರೆ, ನಾಲ್ಕು ಮನೆಯವರು ಸೇರುತ್ತಿರುವಾಗ ಫೈಬರ್ ಕಡೆ ಹೋಗಿ. ಮೂರು ಕಿಲೋಮೀಟರ್ ದೊಡ್ಡ ದೂರ ಅಲ್ಲ. ಉಪಗ್ರಹದ ಕೆಲಸದಲ್ಲೇ ಬದುಕಿದವಳು ನಾನು, ಆದರೂ ಹೇಳುತ್ತೇನೆ: ಫೈಬರ್ ಎಳೆಯಲು ಸಾಧ್ಯ ಇರುವ ಕಡೆ ಫೈಬರೇ ಮೇಲು. ಅದರಲ್ಲೂ ಅಪಾಯ ಇದೆ. ಕಂಬದ ಮೇಲೆ ಎಳೆದರೆ ಮಳೆಗಾಲದಲ್ಲಿ ಮರ ಬಿದ್ದು ಕಡಿಯುತ್ತದೆ, ಜೋಡಿಸುವವರು ಬರಲು ನಾಲ್ಕು ದಿನ. ದುರಸ್ತಿ ಯಾರ ಹೊಣೆ, ಎಷ್ಟು ದಿನದೊಳಗೆ ಎಂದು ಬರೆಸಿಕೊಳ್ಳಿ. ಇನ್ನೊಂದು ಅಗ್ಗದ ದಾರಿಯೂ ಇದೆ. ಮಗಳಿಗೆ ಗುಡ್ಡದ ಮೇಲೆ ಸಿಗ್ನಲ್ ಸಿಗುತ್ತದೆ ಎಂದಿರಿ. ಅಲ್ಲಿಂದ ಮನೆ ನೇರ ಕಾಣುವುದಾದರೆ, ಮೇಲೆ ಒಂದು ಸಿಮ್ ರೂಟರ್, ಸೋಲಾರ್ ಫಲಕ, ಬ್ಯಾಟರಿ ಇಟ್ಟು, ಎರಡು ಸಣ್ಣ 5 ಗಿಗಾಹರ್ಟ್ಸ್ ರೇಡಿಯೊಗಳ ಮೂಲಕ ಕೆಳಗೆ ತರಬಹುದು. ಆ ಅಲೆಗಳಿಗೆ ಲೈಸೆನ್ಸ್ ಬೇಕಿಲ್ಲ. ಮಳೆಗಾಲದ ಮೋಡದಲ್ಲಿ ಸೋಲಾರ್ ಸೋಲುತ್ತದೆ, ಬ್ಯಾಟರಿ ದೊಡ್ಡದೇ ಇರಲಿ. ಈ ಎರಡೂ ಆಗದು, ಮತ್ತು ಮುಷ್ಟಿಯ ಅಳತೆಯಲ್ಲಿ ಆಕಾಶ ತೆರೆದಿದೆ ಎಂದಾದರೆ ಆಗ ಉಪಗ್ರಹ ಹಾಕಿಸಿ, ಭಯ ಬೇಡ.

ಯಾವುದನ್ನೇ ಮಾಡಿ, ಮಾಡಿನ ಮೇಲೆ ಅಥವಾ ಗುಡ್ಡದ ಮೇಲೆ ಲೋಹದ ಕಂಬ ನಿಲ್ಲಿಸುವುದಾದರೆ ಏಪ್ರಿಲ್ ಗುಡುಗು ಶುರುವಾಗುವ ಮೊದಲೇ ಬೇರೆಯಾಗಿ ಅರ್ಥಿಂಗ್ ಮಾಡಿಸಿ, ಮನೆಯೊಳಗೆ ಬರುವ ಕೇಬಲ್ಲಿಗೆ ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಸುತ್ತಲಿನ ಆಕಾಶದ ಅಳತೆ ಬರೆದುಕೊಂಡ ಚೀಟಿ ಕಳಿಸಿದರೆ ಡಿಶ್ ಎಲ್ಲಿ ಕೂರಬಹುದು ಎಂದು ನಾನೇ ನೋಡಿ ಹೇಳುತ್ತೇನೆ.